‘ನಮ್ಮ ಬಳಗ’ ಗುಂಪಿನಲ್ಲಿ ಸಗಣಿ, ಒಣ ಎಲೆ ವಾದ

ಅತ್ತಿ, ನವನಗರ:
(ಫಾರ್ವರ್ಡ್) ಎಚ್ಚರ! ಗಿಡದ ಬುಡಕ್ಕೆ ಒಣ ಎಲೆ, ಹೊಟ್ಟು ಹಾಕಬೇಡಿ. ಮಣ್ಣಿನ ಸಾರಜನಕ ಎಲ್ಲ ಅದೇ ತಿನ್ನುತ್ತದೆ. ಹಸಿ ಸಗಣಿಯೇ ಅಮೃತ. ಎಲ್ಲರಿಗೂ ಕಳಿಸಿ.

ಅತ್ತಿ:
ನಾನು ಮೊದಲಿಂದಲೂ ಇದನ್ನೇ ಹೇಳುತ್ತಿದ್ದೆ.

ವೈನಿ:
ನನಗೇ ಹಾಕಿದ್ದು ಅಂತ ಗೊತ್ತಾಯಿತು ಅತ್ತಿ. ನಮ್ಮ ದಾಸವಾಳದ ಬುಡದ ಎಲೆ ದೀಪಾವಳಿಯಿಂದ ನಿಮ್ಮ ಕಣ್ಣಲ್ಲಿದೆ.

ನಾನು:
ಅತ್ತಿ, ಇದನ್ನು ಬರೆದವರು ಯಾರು?

ಅತ್ತಿ:
ಭಜನಾ ಮಂಡಳಿ ಗುಂಪಿನಲ್ಲಿ ಬಂತು. ಅವರು ಸುಳ್ಳು ಹೇಳುವವರಲ್ಲ.

ನಾನು:
ಅರ್ಧ ನಿಜ. ಒಣ ಹೊಟ್ಟು, ಕಟ್ಟಿಗೆ ಪುಡಿಯನ್ನು ಮಣ್ಣಿನೊಳಗೆ ಕಲಸಿದರೆ, ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ಸಾರಜನಕ ಎಳೆದುಕೊಳ್ಳುತ್ತವೆ. ಆಗ ಗಿಡ ಹಳದಿಯಾಗಬಹುದು. ಸುಮ್ನೆ ಮೇಲೆ ಹಾಸಿದರೆ ಆ ತೊಂದರೆ ಮೇಲ್ಪದರದಲ್ಲೇ ನಿಲ್ಲುತ್ತದೆ. ನಮ್ಮ ಎರೆ ಮಣ್ಣು ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ, ಅಲ್ವಾ? 2-3 ಇಂಚು ಹೊದಿಕೆ ಇದ್ದರೆ ತೇವ ಉಳಿಯುತ್ತದೆ. ಕಾಂಡಕ್ಕೆ ಮಾತ್ರ ತಾಗಿಸಬಾರದು, ನಾಲ್ಕು ಬೆರಳು ದೂರ ಇರಲಿ. ಇಲ್ಲದಿದ್ದರೆ ಬುಡ ಕೊಳೆಯುತ್ತದೆ.

ದೊಡ್ಡಪ್ಪ:
ಎರಡಕ್ಷರ ಕಲಿತ ಕೂಡಲೇ ಹಿರಿಯರಿಗೆ ಎದುರು ಮಾತಾಡಬಾರದು. ನಮ್ಮ ಅಪ್ಪ ಹೆಂಡಿ ಹಾಕಿಯೇ ಹೊಲ ಬೆಳೆದರು.

ನಾನು:
ದೊಡ್ಡಪ್ಪ, ಸಗಣಿ ಬೇಡ ಅಂದಿಲ್ಲ. ಹಸಿಯದು ಬೇಡ. ಅದು ಕೊಳೆಯುವಾಗ ಬಿಸಿಯಾಗುತ್ತದೆ, ಅಮೋನಿಯಾ ಬಿಡುತ್ತದೆ, ಎಳೆ ಬೇರು ಸುಡುತ್ತದೆ. ಕಳೆಯ ಬೀಜವೂ ಜೀವಂತ ಬರುತ್ತದೆ. ಅಜ್ಜ ಹಾಕಿದ್ದು ತಿಪ್ಪೆಯಲ್ಲಿ ತಿಂಗಳುಗಟ್ಟಲೆ ಕಳಿತ ಗೊಬ್ಬರ. ಕಪ್ಪಗೆ, ಪುಡಿಪುಡಿಯಾಗಿ, ಮಣ್ಣಿನ ವಾಸನೆ ಬರುವಂಥದ್ದು.

ಕಾಕಾ:
ತಿಪ್ಪೆ ಅಂದ ಕೂಡಲೇ ಹಳೇ ಬಾಗಲಕೋಟೆಯ ಮನೆ ನೆನಪಾಯಿತು. ಹಿತ್ತಲ ತಿಪ್ಪೆ ಮೇಲೆ ಕುಂಬಳಬಳ್ಳಿ ತಾನೇ ಹುಟ್ಟುತ್ತಿತ್ತು. ಅವ್ವ ಊರಿಗೆಲ್ಲ ಕಾಯಿ ಹಂಚುತ್ತಿದ್ದಳು. ಆಲಮಟ್ಟಿ ಹಿನ್ನೀರು ಬಂತು, ಎಲ್ಲ ಹೋಯಿತು.

ಮುಧೋಳದ ಅಣ್ಣ:
ಆ ಮನೆ ಫೋಟೋ ಇದ್ದರೆ ಹಾಕಿ ಕಾಕಾ.

ಕಾಕಾ:
ಆಲ್ಬಮ್ ಅಕ್ಕ ಒಯ್ದಿದ್ದಾಳೆ. ವಾಪಸ್ ಬಂದಿಲ್ಲ.

ಅತ್ತಿ:
ಆಲ್ಬಮ್ ಕೇಳುವವನು ಹೋದ ವರ್ಷದ ಟ್ರಾಲಿ ಗೊಬ್ಬರದಲ್ಲಿ ನನ್ನ ಪಾಲು ಕೊಟ್ಟನಾ?

ವೈನಿ:
ಆ ಗೊಬ್ಬರದಿಂದಲೇ ನಮ್ಮ ಕರಿಬೇವು ಹೋಯಿತು. ಇಳಿಸುವಾಗ ಒಳಗೆ ಕೈ ಹಾಕಿದರೆ ಸುಡುತ್ತಿತ್ತು.

ನಾನು:
ನೋಡಿ, ನಾನು ಹೇಳಿದ್ದೂ ಇದನ್ನೇ! ಅದು ಇನ್ನೂ ಕಳಿತಿರಲಿಲ್ಲ.

ಅತ್ತಿ:
ನೀರು ಹಾಕದಿದ್ದರೆ ಯಾವ ಗಿಡ ಉಳಿಯುತ್ತದೆ?

ದೊಡ್ಡಪ್ಪ:
ಬಳಗದಲ್ಲಿ ಸಹನೆ ಇರಬೇಕು. ಎಲ್ಲರೂ ಊಟ ಮಾಡಿ ಮಲಗಿ.

ನಾನು:
ವೈನಿ, ಹೊಸ ಕರಿಬೇವು ಇಡುವಾಗ ಮೂರು ಪಾಲು ಮಣ್ಣಿಗೆ ಒಂದು ಪಾಲು ಕಳಿತ ಗೊಬ್ಬರ ಕಲಸಿ. ಮೇಲೆ ಕಬ್ಬಿನ ರವದಿ, ಅಂದರೆ ಒಣ ಗರಿ, ಹಾಸಿ. ಹೂ ಬಿಟ್ಟ ಕಾಂಗ್ರೆಸ್ ಹುಲ್ಲು ಮಾತ್ರ ಹಾಸಬೇಡಿ, ಅಂಗಳವೆಲ್ಲ ಅದೇ ಏಳುತ್ತದೆ.

ಮುಧೋಳದ ಅಣ್ಣ:
ರವದಿ ನಮ್ಮ ಹೊಲದಲ್ಲಿ ಬೇಕಾದಷ್ಟಿದೆ. ಇಲ್ಲಿ ಜಾಸ್ತಿ ಜನ ಸುಡುತ್ತಾರೆ. ಚೀಲ ತಂದು ಒಯ್ಯಿರಿ.

ಅತ್ತಿ:
ನನಗೂ ಎರಡು ಚೀಲ ಇಡು. ನಿಮ್ಮ ಕಾಕಾನ ಗಾಡಿಯಲ್ಲಿ ಮಾತ್ರ ಕಳಿಸಬೇಡ.