ಎಕ್ಸ್‌ಟೆನ್ಶನ್ ತೆಗೆಯಲು ಆಗುತ್ತಿಲ್ಲ, ಕ್ರೋಮ್ ಮತ್ತೆ ಹಾಕಿದರೂ ಹುಡುಕಾಟ ಬೇರೆ ಪುಟಕ್ಕೇ ಹೋಗುತ್ತಿದೆ

ಹೋಮ್‌ಸ್ಟೇ_ನಾಪೋಕ್ಲು

ವಿಂಡೋಸ್ 11 ಹೋಮ್ ಇರುವ ಡೆಸ್ಕ್‌ಟಾಪ್. ಬುಕಿಂಗ್, ಬಿಲ್ಲು, ತೋಟದ ಲೆಕ್ಕ ಎಲ್ಲ ಇದರಲ್ಲೇ ಇದೆ. ಪಿಡಿಎಫ್ ಫೈಲನ್ನು ವರ್ಡ್‌ಗೆ ಬದಲಿಸುವ ಉಚಿತ ಪ್ರೋಗ್ರಾಂ ಒಂದನ್ನು ಹಾಕಿದ ಮೇಲೆ ಶುರುವಾದದ್ದು ಇಷ್ಟು:

ಕ್ರೋಮ್‌ನ ವಿಳಾಸಪಟ್ಟಿಯಲ್ಲಿ ಏನು ಹುಡುಕಿದರೂ ಗೊತ್ತಿಲ್ಲದ ವಿಳಾಸವೊಂದು ಮಿಂಚಿ ಮಾಯವಾಗಿ, ಜಾಹೀರಾತು ತುಂಬಿದ ಇನ್ನೊಂದು ಪುಟ ತೆರೆಯುತ್ತದೆ. ಎಕ್ಸ್‌ಟೆನ್ಶನ್ (ಬ್ರೌಸರಿಗೆ ಸೇರಿಸುವ ಪುಟ್ಟ ಪ್ರೋಗ್ರಾಂ) ಪಟ್ಟಿಯಲ್ಲಿ ನಾನು ಹಾಕದ ಒಂದು ಕೂತಿದೆ, ಅದಕ್ಕೆ ರಿಮೂವ್ ಗುಂಡಿಯೇ ಇಲ್ಲ. ಮೂರು ಚುಕ್ಕಿ ಮೆನುವಿನ ಕೆಳಗೆ "ಮ್ಯಾನೇಜ್ಡ್ ಬೈ ಯುವರ್ ಆರ್ಗನೈಸೇಶನ್" ಅಂತ ಇದೆ. ನಮ್ಮದು ಯಾವ ಸಂಸ್ಥೆಯೂ ಅಲ್ಲ. ಪರದೆಯ ಬಲಮೂಲೆಯಲ್ಲಿ "5 ವೈರಸ್ ಸಿಕ್ಕಿವೆ, ಈಗಲೇ ಸ್ಕ್ಯಾನ್ ಮಾಡಿ" ಎಂದು ಪೆಟ್ಟಿಗೆಗಳು ಬರುತ್ತವೆ, ಕ್ರೋಮ್ ಮುಚ್ಚಿದ್ದರೂ.

ಆ ಪಿಡಿಎಫ್ ಪ್ರೋಗ್ರಾಂ ತೆಗೆದೆ. ಕ್ರೋಮ್ ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಹಾಕಿದೆ. ಡಿಫೆಂಡರ್ ಕ್ವಿಕ್ ಸ್ಕ್ಯಾನ್ ಏನೂ ಇಲ್ಲ ಅಂದಿತು. ಫಾರ್ಮ್ಯಾಟ್ ಮಾಡದೆ ದಾರಿ ಇದೆಯಾ? ಮಳೆಗಾಲ, ಕರೆಂಟ್ ಯಾವಾಗ ಹೋಗುತ್ತದೋ ಗೊತ್ತಿಲ್ಲ. ನೆಟ್ ಕೂಡ ನಿಧಾನ.

ರಿಪೇರಿ_ಕುಶಾಲನಗರ

ಫಾರ್ಮ್ಯಾಟ್ ಬೇಡ. ನೀವು ಹೇಳಿದ ಲಕ್ಷಣಗಳಲ್ಲಿ ಎರಡು ಬೇರೆ ಬೇರೆ ಕಾಯಿಲೆ ಇವೆ. ಮೂಲೆಯ ಪೆಟ್ಟಿಗೆಗಳು ವೈರಸ್ ಅಲ್ಲ, ಯಾವುದೋ ಸೈಟಿಗೆ ಕೊಟ್ಟ ನೋಟಿಫಿಕೇಶನ್ ಅನುಮತಿ. ಹುಡುಕಾಟ ತಿರುಗುವುದು ಹೈಜಾಕರ್, ಅಂದರೆ ಬ್ರೌಸರಿನ ಸೆಟ್ಟಿಂಗ್ ಕದ್ದು ಬದಲಿಸುವ ಪ್ರೋಗ್ರಾಂ. ಅದನ್ನು ಮೊದಲು ನೋಡೋಣ.

ಕ್ರೋಮ್ ಮತ್ತೆ ಹಾಕಿದರೂ ಹೋಗದ್ದಕ್ಕೆ ಕಾರಣ: ಅನ್‌ಇನ್‌ಸ್ಟಾಲ್ ಮಾಡುವಾಗ ಬ್ರೌಸಿಂಗ್ ಡೇಟಾ ಅಳಿಸುವ ಚೌಕಕ್ಕೆ ಗುರುತು ಹಾಕದಿದ್ದರೆ ನಿಮ್ಮ ಪ್ರೊಫೈಲ್ ಫೋಲ್ಡರ್ ಹಾಗೇ ಉಳಿಯುತ್ತದೆ. ಗುರುತು ಹಾಕಿದರೂ ವಿಂಡೋಸ್ ರಿಜಿಸ್ಟ್ರಿಯಲ್ಲಿ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ಜಾಗ) ಬರೆದ ಪಾಲಿಸಿ ಉಳಿಯುತ್ತದೆ. ಕಚೇರಿಗಳು ನೂರಾರು ಕಂಪ್ಯೂಟರಿಗೆ ಒಟ್ಟಿಗೆ ಎಕ್ಸ್‌ಟೆನ್ಶನ್ ಹಾಕಲು ಇರುವ ವ್ಯವಸ್ಥೆ ಅದು. ಹೈಜಾಕರ್‌ಗಳು ಅದನ್ನೇ ದುರುಪಯೋಗ ಮಾಡುತ್ತವೆ. ರಿಮೂವ್ ಗುಂಡಿ ಕಾಣದಿರುವುದೂ "ಆರ್ಗನೈಸೇಶನ್" ಸಾಲು ಬಂದಿರುವುದೂ ಅದರಿಂದಲೇ. ಬಿಳಿ ಕಾಂಡಕೊರಕ ಹೊಕ್ಕ ಅರೇಬಿಕಾ ಗಿಡದ ಚಿಗುರು ಸವರಿದರೆ ಹುಳು ಸಾಯುವುದಿಲ್ಲವಲ್ಲ, ಎಕ್ಸ್‌ಟೆನ್ಶನ್ ಮಾತ್ರ ತೆಗೆಯುವುದೂ ಹಾಗೇ. ಅದನ್ನು ಮತ್ತೆ ತಂದು ಹಾಕುವುದು ಯಾವುದು ಅಂತ ಮೊದಲು ಹಿಡಿಯಬೇಕು.

ಕೆಳಗಿನ ವಿಳಾಸ, ಆದೇಶಗಳನ್ನು ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಿ. ಕೆಲಸಕ್ಕೆ ಮೊದಲು ಬುಕ್‌ಮಾರ್ಕ್‌ಗಳನ್ನು ಎಕ್ಸ್‌ಪೋರ್ಟ್ ಮಾಡಿಟ್ಟುಕೊಂಡು, ಕ್ರೋಮ್ ಸೆಟ್ಟಿಂಗ್ಸ್‌ನಲ್ಲಿ ಸಿಂಕ್ ನಿಲ್ಲಿಸಿ. ಸಿಂಕ್ ಚಾಲೂ ಇದ್ದರೆ ಕೆಟ್ಟ ಎಕ್ಸ್‌ಟೆನ್ಶನ್ ಮತ್ತು ಹುಡುಕಾಟದ ಸೆಟ್ಟಿಂಗ್ ಗೂಗಲ್ ಖಾತೆಯಿಂದಲೇ ವಾಪಸ್ ಇಳಿಯಬಹುದು.

ಕ್ರೋಮ್://ಪಾಲಿಸಿ ತೆರೆಯಿರಿ. ಮನೆಯ ಕಂಪ್ಯೂಟರಿನಲ್ಲಿ ಸಾಮಾನ್ಯವಾಗಿ ಅಲ್ಲಿ ಏನೂ ಇರಬಾರದು. ಎಕ್ಸ್‌ಟೆನ್ಶನ್‌ಇನ್‌ಸ್ಟಾಲ್‌ಫೋರ್ಸ್‌ಲಿಸ್ಟ್ ಅಂತ ಕಂಡರೆ ಅದರ ಮುಂದಿನ 32 ಅಕ್ಷರದ ಗುರುತನ್ನು ಬರೆದುಕೊಳ್ಳಿ. ಕ್ರೋಮ್://ಎಕ್ಸ್‌ಟೆನ್ಶನ್ಸ್‌ನಲ್ಲಿ ಡೆವಲಪರ್ ಮೋಡ್ ಹಾಕಿದರೆ ಪ್ರತಿ ಎಕ್ಸ್‌ಟೆನ್ಶನ್ನಿನ ಗುರುತು ಕಾಣುತ್ತದೆ, ಎರಡನ್ನೂ ತಾಳೆ ನೋಡಿ. ಕೆಲವು ಆಂಟಿವೈರಸ್‌ಗಳೂ ಪಾಲಿಸಿ ಹಾಕುತ್ತವೆ, ಹಾಗಾಗಿ ತಾಳೆ ನೋಡದೆ ಅಳಿಸಬೇಡಿ.

ಈಗ ಟಾಸ್ಕ್ ಶೆಡ್ಯೂಲರ್, ಪ್ರೋಗ್ರಾಂಗಳನ್ನು ನಿಗದಿತ ಹೊತ್ತಿಗೆ ತಾನಾಗಿ ಓಡಿಸುವ ವಿಂಡೋಸ್ ಸಾಧನ. ವಿಂಡೋಸ್ ಕೀ ಮತ್ತು ಆರ್ ಒತ್ತಿ ಟಾಸ್ಕ್‌ಎಸ್‌ಸಿಎಚ್‌ಡಿ.ಎಂಎಸ್‌ಸಿ (taskschd.msc) ಟೈಪ್ ಮಾಡಿ. ಎಡಗಡೆ ಲೈಬ್ರರಿ ಒತ್ತಿ, ಒಂದೊಂದೇ ಟಾಸ್ಕಿನ ಆಕ್ಷನ್ಸ್ ನೋಡಿ. ಪವರ್‌ಶೆಲ್ ಅಥವಾ ಡಬ್ಲ್ಯೂಸ್ಕ್ರಿಪ್ಟ್ ಓಡಿಸುವುದು, ಜೊತೆಗೆ "ಹಿಡನ್", "ಎನ್‌ಕೋಡೆಡ್‌ಕಮಾಂಡ್" ಎಂಬ ಪದ ಇರುವುದು, ಆ್ಯಪ್‌ಡೇಟಾ ಅಥವಾ ಪ್ರೋಗ್ರಾಂಡೇಟಾ ಫೋಲ್ಡರಿನೊಳಗಿನ ಫೈಲನ್ನು ಲಾಗಿನ್ ಆದಾಗಲೆಲ್ಲ ಕರೆಯುವುದು, ಇಂಥವು ಅನುಮಾನದ ಆಸಾಮಿಗಳು. ಗೂಗಲ್‌ಅಪ್‌ಡೇಟರ್, ಮೈಕ್ರೋಸಾಫ್ಟ್‌ಎಡ್ಜ್‌ಅಪ್‌ಡೇಟ್ ಹೆಸರಿನವು ಸಾಮಾನ್ಯವಾಗಿ ಸಾಚಾ, ಆದರೆ ಅದೇ ಹೆಸರಿಟ್ಟುಕೊಂಡು ಬರುವವೂ ಇವೆ. ಹೆಸರು ಬಿಡಿ, ಅದು ಓಡಿಸುವ ಫೈಲ್ ಪ್ರೋಗ್ರಾಂ ಫೈಲ್ಸ್‌ನೊಳಗೆ ಗೂಗಲ್ ಅಥವಾ ಮೈಕ್ರೋಸಾಫ್ಟ್‌ನ ಫೋಲ್ಡರಿನಲ್ಲೇ ಇದೆಯಾ ನೋಡಿ. ಅನುಮಾನದ್ದನ್ನು ತಕ್ಷಣ ಅಳಿಸದೆ ಡಿಸೇಬಲ್ ಮಾಡಿ, ಫೈಲಿನ ದಾರಿ ಬರೆದಿಟ್ಟುಕೊಳ್ಳಿ.

ಅದಾದ ಮೇಲೆ ರಿಜಿಸ್ಟ್ರಿ. ರೆಜ್‌ಎಡಿಟ್ ತೆರೆದು ಎಚ್‌ಕೀ ಲೋಕಲ್ ಮಷೀನ್, ಸಾಫ್ಟ್‌ವೇರ್, ಪಾಲಿಸೀಸ್, ಗೂಗಲ್, ಕ್ರೋಮ್. ಆ ಕ್ರೋಮ್ ಕೀಯ ಮೇಲೆ ಬಲ ಒತ್ತು, ಎಕ್ಸ್‌ಪೋರ್ಟ್, ಡೆಸ್ಕ್‌ಟಾಪಿನಲ್ಲಿ ಉಳಿಸಿ. ನಂತರ ಕೀ ಅಳಿಸಿ. ಎಚ್‌ಕೀ ಕರೆಂಟ್ ಯೂಸರ್ ಕೆಳಗೂ ಇದೇ ದಾರಿಯಲ್ಲಿ ನೋಡಿ. ಟಾಸ್ಕ್ ನಿಲ್ಲಿಸದೆ ಇದನ್ನು ಅಳಿಸಿದರೆ ಮುಂದಿನ ಲಾಗಿನ್‌ಗೆ ಮತ್ತೆ ಬರೆದಿರುತ್ತದೆ, ಜನ ಸುಸ್ತಾಗುವುದು ಇಲ್ಲೇ. ಟಾಸ್ಕ್ ನಿಲ್ಲಿಸಿದ ಮೇಲೂ ವಾಪಸ್ ಬಂದರೆ ಸಿಸ್ಟಮ್32ರೊಳಗಿನ ಗ್ರೂಪ್‌ಪಾಲಿಸಿ ಮತ್ತು ಗ್ರೂಪ್‌ಪಾಲಿಸಿಯೂಸರ್ಸ್ ಎಂಬ ಅಡಗಿಸಿಟ್ಟ ಫೋಲ್ಡರುಗಳನ್ನು ಬೇರೆಡೆ ಸರಿಸಿ, ಅಡ್ಮಿನ್ ಕಮಾಂಡ್ ಪ್ರಾಂಪ್ಟಿನಲ್ಲಿ ಜಿಪಿಅಪ್‌ಡೇಟ್ /ಫೋರ್ಸ್ ಕೊಡಿ. ಹೋಮ್ ಆವೃತ್ತಿಯಲ್ಲಿ ಪಾಲಿಸಿ ಎಡಿಟರ್ ಇಲ್ಲದಿದ್ದರೂ ಆ ಫೋಲ್ಡರ್ ನೋಡುವುದು ಒಳ್ಳೆಯದು. ಕಚೇರಿಯ ಕಂಪ್ಯೂಟರಿನಲ್ಲಿ ಮಾತ್ರ ಇದಕ್ಕೆ ಕೈ ಹಾಕಬಾರದು.

ಇಷ್ಟಾದ ಮೇಲೆ ಮಾಲ್‌ವೇರ್‌ಬೈಟ್ಸ್‌ನವರ ಆ್ಯಡ್‌ಡಬ್ಲ್ಯೂಕ್ಲೀನರ್ ಓಡಿಸಿ. ಉಚಿತ, ಚಿಕ್ಕ ಫೈಲ್, ಇನ್‌ಸ್ಟಾಲ್ ಬೇಡ. ಅವರ ಸೈಟಿನ ವಿಳಾಸ ನೇರವಾಗಿ ಟೈಪ್ ಮಾಡಿ, ಆ ಹೈಜಾಕ್ ಆದ ಹುಡುಕಾಟದಲ್ಲಿ ಮಾತ್ರ ಹುಡುಕಬೇಡಿ! ಆಗುವುದಾದರೆ ಫೋನಿನಲ್ಲಿ ಇಳಿಸಿ ಕೇಬಲ್‌ನಲ್ಲಿ ಹಾಕಿಕೊಳ್ಳಿ. ಸಿಕ್ಕಿದ್ದನ್ನು ಕ್ವಾರಂಟೈನ್ ಮಾಡಿ, ರೀಸ್ಟಾರ್ಟ್ ಮಾಡಿ. "ಪ್ರಿಇನ್‌ಸ್ಟಾಲ್ಡ್" ಎಂದು ಅದು ಬೇರೆಯಾಗಿ ತೋರಿಸುವ ಪಟ್ಟಿ ಕಂಪ್ಯೂಟರ್ ತಯಾರಕರು ಮೊದಲೇ ಹಾಕಿದ್ದು, ಅದನ್ನು ಬಿಟ್ಟರೂ ನಡೆಯುತ್ತದೆ.

ಕೊನೆಗೆ ಕ್ರೋಮ್://ಸೆಟ್ಟಿಂಗ್ಸ್/ರೀಸೆಟ್. ಇದು ಬುಕ್‌ಮಾರ್ಕ್, ಪಾಸ್‌ವರ್ಡ್ ಅಳಿಸುವುದಿಲ್ಲ. ಹುಡುಕಾಟ ಮತ್ತು ಆರಂಭದ ಪುಟ ಮೊದಲಿನಂತಾಗುತ್ತವೆ, ಎಕ್ಸ್‌ಟೆನ್ಶನ್‌ಗಳು ನಿಲ್ಲುತ್ತವೆ. ಹಳೆಯ ವೀಡಿಯೊಗಳಲ್ಲಿ ಕ್ರೋಮ್‌ನ ಒಳಗೇ "ಕ್ಲೀನ್ ಅಪ್ ಕಂಪ್ಯೂಟರ್" ಒತ್ತಿ ಅಂತ ಹೇಳುತ್ತಾರೆ, ಅದನ್ನು ಗೂಗಲ್ 2023ರಲ್ಲೇ ತೆಗೆದುಹಾಕಿದೆ. ಹುಡುಕಿ ಕಾಲ ಕಳೆಯಬೇಡಿ.

ಕಿತ್ತಳೆ_ವಿರಾಜಪೇಟೆ

ಇಷ್ಟೆಲ್ಲ ಯಾಕೆ ಸರ್, ಪೆನ್‌ಡ್ರೈವ್ ಹಾಕಿ ಫಾರ್ಮ್ಯಾಟ್ ಹೊಡೆದರೆ ಒಂದು ಗಂಟೆಯ ಕೆಲಸ. ರಿಜಿಸ್ಟ್ರಿ ಮುಟ್ಟಿ ಹಾಳು ಮಾಡಿಕೊಳ್ಳುವುದಕ್ಕಿಂತ ಅದೇ ವಾಸಿ.

ರಿಪೇರಿ_ಕುಶಾಲನಗರ

ವಿಂಡೋಸ್ ಹಾಕುವುದು ಒಂದು ಗಂಟೆ, ಒಪ್ಪುತ್ತೇನೆ. ಆಮೇಲಿನ ಪ್ರಿಂಟರ್ ಡ್ರೈವರ್, ಟ್ಯಾಲಿ, ಜಿಎಸ್‌ಟಿ ಸಹಿಯ ಡಾಂಗಲ್, ಅಪ್‌ಡೇಟ್‌ಗಳು? ನಿಧಾನದ ನೆಟ್‌ನಲ್ಲಿ ಎರಡು ದಿನ ಹಿಡಿದರೂ ಆಶ್ಚರ್ಯವಿಲ್ಲ. ಮೇಲಾಗಿ ಫಾರ್ಮ್ಯಾಟ್ ಮಾಡಿ ಅದೇ ಗೂಗಲ್ ಖಾತೆಯಲ್ಲಿ ಸಿಂಕ್ ಹಾಕಿದರೆ ಎಕ್ಸ್‌ಟೆನ್ಶನ್ ಮತ್ತೆ ಮನೆಗೆ ಬರಬಹುದು.

ಫಾರ್ಮ್ಯಾಟ್ ಬೇಕಾಗುವ ಸಂದರ್ಭ ಬೇರೆ: ಡಿಫೆಂಡರ್ ತಾನಾಗಿ ಆಫ್ ಆಗಿ ಮತ್ತೆ ಆನ್ ಆಗದಿರುವುದು, ಯಾರೋ ದೂರದಿಂದ ಮೌಸ್ ಆಡಿಸಿದ್ದು, ಕಳ್ಳ ಸಾಫ್ಟ್‌ವೇರಿನ ಕ್ರ್ಯಾಕ್ ಓಡಿಸಿದ್ದು. ಆಗ ಆ್ಯಡ್‌ವೇರ್ (ಜಾಹೀರಾತು ತುರುಕುವ ಪ್ರೋಗ್ರಾಂ) ಜೊತೆ ಪಾಸ್‌ವರ್ಡ್ ಕದಿಯುವುದೂ ಬಂದಿರಬಹುದು, ನಾನೂ ಫಾರ್ಮ್ಯಾಟೇ ಅನ್ನುತ್ತೇನೆ. ಹಾಗೆ ಮಾಡುವುದಿದ್ದರೆ ಟ್ಯಾಲಿ ಡೇಟಾ ಫೋಲ್ಡರ್ ಜೊತೆಗೆ ನುಡಿ ಫಾಂಟ್‌ಗಳನ್ನೂ ಕಾಪಿ ಮಾಡಿಕೊಳ್ಳಿ. ಯೂನಿಕೋಡ್‌ಗೂ ಮೊದಲಿನ ನುಡಿ ಕಡತಗಳು ಆ ಫಾಂಟ್ ಇಲ್ಲದಿದ್ದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ.

ನೆಟ್‌ವರ್ಕ್_ಗೋಣಿಕೊಪ್ಪ

ಮೂಲೆಯ ಪೆಟ್ಟಿಗೆಗಳ ವಿಷಯ ಯಾರೂ ಮುಗಿಸಲಿಲ್ಲ. ಆ ಪೆಟ್ಟಿಗೆಯಲ್ಲೇ ಸಣ್ಣ ಅಕ್ಷರದಲ್ಲಿ ಸೈಟಿನ ವಿಳಾಸ ಇರುತ್ತದೆ. ಕ್ರೋಮ್://ಸೆಟ್ಟಿಂಗ್ಸ್/ಕಂಟೆಂಟ್/ನೋಟಿಫಿಕೇಶನ್ಸ್‌ನಲ್ಲಿ ಅನುಮತಿ ಪಡೆದವರ ಪಟ್ಟಿಯಿಂದ ಅದನ್ನು ತೆಗೆಯಿರಿ. "ನೀವು ರೋಬೋಟ್ ಅಲ್ಲ ಎಂದು ತೋರಿಸಲು ಅಲೋ ಒತ್ತಿ" ಎನ್ನುವ ಪುಟಗಳಿಂದ ಬರುವಂಥವು ಇವು. ಕ್ರೋಮ್ ಮುಚ್ಚಿದರೂ ಬರುವುದು ಏಕೆಂದರೆ ಅದು ಹಿನ್ನೆಲೆಯಲ್ಲಿ ಓಡುತ್ತಿರುತ್ತದೆ. ಸೆಟ್ಟಿಂಗ್ಸ್‌ನ ಸಿಸ್ಟಮ್ ಭಾಗದಲ್ಲಿ ಅದನ್ನು ಆಫ್ ಮಾಡಬಹುದು. ಪೆಟ್ಟಿಗೆಯಲ್ಲಿ ಫೋನ್ ನಂಬರ್ ಕೊಟ್ಟಿದ್ದರೆ ಕರೆ ಮಾಡಲೇಬಾರದು. ಪರದೆ ತುಂಬ ಪುಟ ಹಿಡಿದುಕೊಂಡರೆ ಎಸ್ಕೇಪ್ ಕೀಯನ್ನು ಒತ್ತಿ ಹಿಡಿಯಿರಿ, ಆಗದಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರಿನಿಂದ ಕ್ರೋಮ್ ನಿಲ್ಲಿಸಿ.

ಇನ್ನೊಂದು ಪ್ರಶ್ನೆ: ಅದೇ ವೈಫೈಯಲ್ಲಿರುವ ಅತಿಥಿಗಳ ಫೋನಿನಲ್ಲೂ ಪುಟ ತಿರುಗುತ್ತದಾ? ತಿರುಗಿದರೆ ಕಂಪ್ಯೂಟರ್ ಎಷ್ಟು ತೊಳೆದರೂ ಪ್ರಯೋಜನವಿಲ್ಲ, ರೌಟರಿನ ಡಿಎನ್‌ಎಸ್ (ಸೈಟಿನ ಹೆಸರಿಗೆ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ಬದಲಾಗಿರಬಹುದು. ರೌಟರ್ ಪುಟ ತೆರೆದು (ಸಾಮಾನ್ಯವಾಗಿ 192.168.1.1) ವ್ಯಾನ್ ಮತ್ತು ಡಿಎಚ್‌ಸಿಪಿ ಭಾಗದ ಡಿಎನ್‌ಎಸ್ ನೋಡಿ, ಅಡ್ಮಿನ್ ಪಾಸ್‌ವರ್ಡ್ ಬದಲಿಸಿ. ಹೋಮ್‌ಸ್ಟೇಗಳಲ್ಲಿ ರೌಟರ್ ಪಾಸ್‌ವರ್ಡ್ ಅಡ್ಮಿನ್ ಅಂತಲೇ ಬಿಟ್ಟು, ವೈಫೈ ಪಾಸ್‌ವರ್ಡ್ ಗೋಡೆಗೆ ಅಂಟಿಸಿರುತ್ತಾರೆ! ಅತಿಥಿಗಳಿಗೆ ಬೇರೆ ಗೆಸ್ಟ್ ವೈಫೈ ಕೊಡಿ.

ಕಂಪ್ಯೂಟರಿನಲ್ಲಿ ಪ್ರಾಕ್ಸಿಯೂ (ನೆಟ್ ಸಂಪರ್ಕವನ್ನು ನಡುವೆ ನಿಂತು ಹಾಯಿಸುವ ವ್ಯವಸ್ಥೆ) ನೋಡಿ. ಸೆಟ್ಟಿಂಗ್ಸ್, ನೆಟ್‌ವರ್ಕ್, ಪ್ರಾಕ್ಸಿಯಲ್ಲಿ ಸೆಟಪ್ ಸ್ಕ್ರಿಪ್ಟ್ ಮತ್ತು ಮ್ಯಾನುಯಲ್ ಪ್ರಾಕ್ಸಿ ಎರಡೂ ಆಫ್ ಇರಬೇಕು. ಹೈಜಾಕರ್ ತೆಗೆದ ಮೇಲೆ "ನೆಟ್ ಇದೆ, ಆದರೆ ಯಾವ ಪುಟವೂ ತೆರೆಯುತ್ತಿಲ್ಲ" ಎಂಬ ದೂರು ಹೆಚ್ಚಾಗಿ ಇದರಿಂದಲೇ. ಪ್ರಾಕ್ಸಿ ಪ್ರೋಗ್ರಾಂ ಹೋಗಿದೆ, ಸೆಟ್ಟಿಂಗ್ ಅದನ್ನೇ ಹುಡುಕುತ್ತಾ ಕೂತಿದೆ.

ಹೋಮ್‌ಸ್ಟೇ_ನಾಪೋಕ್ಲು

ಎಲ್ಲರಿಗೂ ಧನ್ಯವಾದ. ಫೋನುಗಳಲ್ಲಿ ತೊಂದರೆ ಇಲ್ಲ, ಪ್ರಾಕ್ಸಿ ಆಫ್ ಇದೆ. ಪಾಲಿಸಿ ಪುಟದಲ್ಲಿ ಫೋರ್ಸ್‌ಲಿಸ್ಟ್ ಇತ್ತು, ಗುರುತು ತಾಳೆಯಾಯಿತು. ಟಾಸ್ಕ್ ಶೆಡ್ಯೂಲರಿನಲ್ಲಿ ಆ್ಯಪ್‌ಡೇಟಾ ರೋಮಿಂಗ್ ಒಳಗಿನ ಫೈಲನ್ನು ಪವರ್‌ಶೆಲ್‌ನಲ್ಲಿ ಓಡಿಸುವ ಒಂದು ಸಿಕ್ಕಿತು. ಹೇಳಿದ ಕ್ರಮದಲ್ಲೇ ಮಾಡಿದೆ, "ಆರ್ಗನೈಸೇಶನ್" ಸಾಲು ಹೋಯಿತು, ರಿಮೂವ್ ಗುಂಡಿ ಬಂತು. ಮೂಲೆಯ ಪೆಟ್ಟಿಗೆಗಳೂ ನಿಂತಿವೆ. ಉಳಿದದ್ದು ಎರಡು: ಡೆಸ್ಕ್‌ಟಾಪಿನ ಕ್ರೋಮ್ ಐಕಾನ್ ಒತ್ತಿದರೆ ಅದೇ ಪುಟ, ಸ್ಟಾರ್ಟ್ ಮೆನುವಿನಿಂದ ತೆರೆದರೆ ಸರಿ. ಎಡ್ಜ್‌ನಲ್ಲಿ ಹುಡುಕಾಟ ಇನ್ನೂ ತಿರುಗುತ್ತದೆ.

ರಿಪೇರಿ_ಕುಶಾಲನಗರ

ಐಕಾನಿನ ಮೇಲೆ ಬಲ ಒತ್ತು, ಪ್ರಾಪರ್ಟೀಸ್, ಟಾರ್ಗೆಟ್. ಕ್ರೋಮ್.ಇಎಕ್ಸ್‌ಇ ಆದ ಮೇಲೆ ಉದ್ಧರಣ ಚಿಹ್ನೆಯ ಆಚೆ ಒಂದು ವಿಳಾಸ ಅಂಟಿಸಿರುತ್ತಾರೆ. ಐಕಾನ್ ಅಳಿಸಿ ಸ್ಟಾರ್ಟ್ ಮೆನುವಿನಿಂದ ಹೊಸದು ಮಾಡಿಕೊಳ್ಳಿ. ಟಾಸ್ಕ್‌ಬಾರಿಗೆ ಪಿನ್ ಮಾಡಿದ್ದನ್ನೂ ತೆಗೆದು ಮತ್ತೆ ಪಿನ್ ಮಾಡಿ.

ಎಡ್ಜ್‌ಗೆ ಬೇರೆ ಕೀ ಇದೆ: ಅದೇ ಪಾಲಿಸೀಸ್ ಕೆಳಗೆ ಮೈಕ್ರೋಸಾಫ್ಟ್, ಎಡ್ಜ್. ಎಡ್ಜ್ ಕೀ ಮಾತ್ರ ಅಳಿಸಿ. ಅದರ ಮೇಲಿನ ಮೈಕ್ರೋಸಾಫ್ಟ್ ಕೀ ಅಳಿಸಬೇಡಿ, ಅಲ್ಲಿ ವಿಂಡೋಸ್‌ನ ಸ್ವಂತದ್ದೂ ಇರುತ್ತದೆ. ಆಮೇಲೆ ಎಡ್ಜ್://ಪಾಲಿಸಿಯಲ್ಲಿ ಖಾಲಿ ಇದೆಯಾ ನೋಡಿ, ಸೆಟ್ಟಿಂಗ್ಸ್‌ನಲ್ಲಿ ರೀಸೆಟ್ ಕೊಡಿ.

ಡಿಸೇಬಲ್ ಮಾಡಿದ ಟಾಸ್ಕನ್ನೂ ಅದು ಕರೆಯುತ್ತಿದ್ದ ರೋಮಿಂಗ್ ಒಳಗಿನ ಫೋಲ್ಡರನ್ನೂ ಈಗ ಅಳಿಸಬಹುದು. ಬಳಿಕ ವಿಂಡೋಸ್ ಸೆಕ್ಯುರಿಟಿಯ ಸ್ಕ್ಯಾನ್ ಆಪ್ಶನ್ಸ್‌ನಲ್ಲಿ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್. ರೀಸ್ಟಾರ್ಟ್ ಆಗಿ ಸುಮಾರು 15 ನಿಮಿಷ ಓಡುತ್ತದೆ. ಯುಪಿಎಸ್ ಇಲ್ಲದಿದ್ದರೆ ಮಳೆ ಗಾಳಿ ಬಿಟ್ಟಿರುವ ಹೊತ್ತು ನೋಡಿ ಹಾಕಿ. ಡ್ರೈವ್ ಎನ್‌ಕ್ರಿಪ್ಟ್ ಆಗಿದ್ದರೆ ಬಿಟ್‌ಲಾಕರ್ ಕೀ ಮೈಕ್ರೋಸಾಫ್ಟ್ ಖಾತೆಯಲ್ಲಿ ಇದೆಯಾ ಅಂತ ಮೊದಲೇ ನೋಡಿಕೊಳ್ಳಿ.

ಆ್ಯಪ್ ಆ್ಯಂಡ್ ಬ್ರೌಸರ್ ಕಂಟ್ರೋಲ್‌ನಲ್ಲಿ, ರೆಪ್ಯುಟೇಶನ್ ಬೇಸ್ಡ್ ಪ್ರೊಟೆಕ್ಷನ್ ಒಳಗೆ, "ಪೊಟೆನ್ಶಿಯಲಿ ಅನ್‌ವಾಂಟೆಡ್ ಆ್ಯಪ್" ತಡೆ ಆನ್ ಮಾಡಿ, ಅದರ ಕೆಳಗಿನ ಎರಡು ಚೌಕಕ್ಕೂ ಗುರುತು ಹಾಕಿ. ಆ್ಯಡ್‌ವೇರ್ ಕಟ್ಟುನಿಟ್ಟಾದ ಅರ್ಥದಲ್ಲಿ ವೈರಸ್ ಅಲ್ಲ, ಇನ್‌ಸ್ಟಾಲ್ ಮಾಡುವಾಗ ಯಾರೋ ನೆಕ್ಸ್ಟ್ ಒತ್ತಿ ಒಪ್ಪಿರುತ್ತಾರೆ. ಈ ತಡೆ ಆಫ್ ಇದ್ದರೆ ಡಿಫೆಂಡರ್ ಅಂಥದ್ದನ್ನು ನೋಡಿಯೂ ಸುಮ್ಮನಿರಬಹುದು.

ನೆಟ್‌ವರ್ಕ್_ಗೋಣಿಕೊಪ್ಪ

ಪಾಸ್‌ವರ್ಡ್ ಮರೆಯಬೇಡಿ. ಆ ಎಕ್ಸ್‌ಟೆನ್ಶನ್ನಿಗೆ "ಎಲ್ಲ ಸೈಟುಗಳ ಮಾಹಿತಿ ಓದುವ ಮತ್ತು ಬದಲಿಸುವ" ಅನುಮತಿ ಇತ್ತೆಂದರೆ ಬುಕಿಂಗ್ ಖಾತೆ, ಮೇಲ್, ಬ್ಯಾಂಕ್ ಪುಟ ಎಲ್ಲ ಅದರ ಕಣ್ಣಿಗೆ ಬಿದ್ದಿವೆ. ಫೋನಿನಿಂದಲೇ ಬದಲಿಸಿ, ಮೊದಲು ಜಿಮೇಲ್. ಗೂಗಲ್ ಖಾತೆಯ ಸೆಕ್ಯುರಿಟಿ ಪುಟದಲ್ಲಿ ಎಲ್ಲ ಸಾಧನಗಳಿಂದ ಸೈನ್ ಔಟ್ ಮಾಡಿ, ಏಕೆಂದರೆ ಕದ್ದ ಕುಕೀ (ಲಾಗಿನ್ ಆಗಿರುವುದನ್ನು ನೆನಪಿಡುವ ಚಿಕ್ಕ ಕಡತ) ಇದ್ದರೆ ಪಾಸ್‌ವರ್ಡ್ ಇಲ್ಲದೆಯೂ ಒಳಗೆ ಬರಬಹುದು. ಹಣ ಹೋಗಿದ್ದು ಕಂಡರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ.

ಅತಿಥಿಗಳು ಟಿಕೆಟ್ ಪ್ರಿಂಟ್ ತೆಗೆಯಲು ಇದೇ ಕಂಪ್ಯೂಟರ್ ಕೇಳುತ್ತಾರಲ್ಲ, ಅವರಿಗೆ ಅಡ್ಮಿನ್ ಅಲ್ಲದ ಬೇರೆ ಯೂಸರ್ ಖಾತೆ ಮಾಡಿಕೊಡಿ. ಅಡ್ಮಿನ್ ಪಾಸ್‌ವರ್ಡ್ ಇಲ್ಲದೆ ಎಚ್‌ಕೀ ಲೋಕಲ್ ಮಷೀನ್‌ನಲ್ಲಿ ಪಾಲಿಸಿ ಬರೆಯಲು ಆಗುವುದಿಲ್ಲ. ಕನ್ನಡ ಟೈಪಿಂಗಿಗೆಂದು ಸಿಕ್ಕ ಸಿಕ್ಕ ಡೌನ್‌ಲೋಡ್ ಸೈಟಿನಿಂದ ಏನನ್ನೂ ಇಳಿಸಬೇಡಿ. ಒಂದೇ ಪುಟದಲ್ಲಿ ಮೂರು ಹಸಿರು ಡೌನ್‌ಲೋಡ್ ಗುಂಡಿ ಇದ್ದರೆ ಎರಡು ಜಾಹೀರಾತೇ. ಕನ್ನಡ ಫೊನೆಟಿಕ್ ಕೀಬೋರ್ಡ್ ವಿಂಡೋಸ್‌ನಲ್ಲೇ ಇದೆ, ಭಾಷೆಗಳ ಪಟ್ಟಿಗೆ ಕನ್ನಡ ಸೇರಿಸಿ ಅದರ ಆಯ್ಕೆಗಳಲ್ಲಿ ಸೇರಿಸಿಕೊಂಡರೆ ಸಾಕು.

ಹೋಮ್‌ಸ್ಟೇ_ನಾಪೋಕ್ಲು

ಎಡ್ಜ್ ಸರಿಯಾಯಿತು, ಐಕಾನ್ ಹೊಸದು ಮಾಡಿದೆ. ಪಾಸ್‌ವರ್ಡ್‌ಗಳನ್ನು ಫೋನಿನಿಂದ ಬದಲಿಸುತ್ತಿದ್ದೇನೆ. ಸಿಂಕ್ ಯಾವಾಗ ಮತ್ತೆ ಹಾಕಬಹುದು?

ರಿಪೇರಿ_ಕುಶಾಲನಗರ

ಎರಡು ಸಲ ರೀಸ್ಟಾರ್ಟ್ ಮಾಡಿ, ಪ್ರತಿ ಸಲವೂ ಪಾಲಿಸಿ ಪುಟ ಖಾಲಿ ಇದೆಯಾ ನೋಡಿ. ಆಮೇಲೆ ಗೂಗಲ್ ಖಾತೆಯ ಕ್ರೋಮ್ ಸಿಂಕ್ ಪುಟದಲ್ಲಿ ಡೇಟಾ ಅಳಿಸುವ ಗುಂಡಿ ಒತ್ತಿ. ಅದು ಗೂಗಲ್ ಸರ್ವರಿನಲ್ಲಿರುವುದನ್ನು ಅಳಿಸುತ್ತದೆ, ನಿಮ್ಮ ಕಂಪ್ಯೂಟರಿನ ಬುಕ್‌ಮಾರ್ಕ್ ಉಳಿಯುತ್ತದೆ. ನಂತರ ಮೊದಲು ಈ ಕಂಪ್ಯೂಟರಿನಲ್ಲಿ ಸಿಂಕ್ ಆನ್ ಮಾಡಿ. ಮನೆಯಲ್ಲಿ ಅದೇ ಖಾತೆಯ ಲ್ಯಾಪ್‌ಟಾಪ್ ಇದ್ದರೆ ಅದರ ಎಕ್ಸ್‌ಟೆನ್ಶನ್ ಪಟ್ಟಿ ನೋಡಿದ ಮೇಲೆಯೇ ಅದನ್ನು ಸೇರಿಸಿ.