ಇಸ್ನೋಫಿಲಿಯಾ ಪ್ಯಾಂಕ್ರಿಯಾಸ್‌ಗೆ ಇಳಿಯುತ್ತದಾ?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ನಮ್ಮ ಭಾವನಿಗೆ 46 ವರ್ಷ, ಬ್ರಹ್ಮಾವರದ ಹತ್ತಿರ ಅಡಿಕೆ ತೋಟ ಉಂಟು. ಎಂಟು ತಿಂಗಳಲ್ಲಿ ಎರಡು ಸಲ ಪ್ಯಾಂಕ್ರಿಯಾಟೈಟಿಸ್ (ಪ್ಯಾಂಕ್ರಿಯಾಸ್ ಅಂದರೆ ಮೇದೋಜೀರಕ ಗ್ರಂಥಿಯ ಉರಿಯೂತ) ಅಂತ ಅಡ್ಮಿಟ್ ಆದರು. ಕುಡಿಯುವುದಿಲ್ಲ. ಸ್ಕ್ಯಾನಿಂಗ್‌ನಲ್ಲಿ ಪಿತ್ತಕೋಶದ ಕಲ್ಲೂ ಕಾಣಲಿಲ್ಲ. ಬಿಳಿ ರಕ್ತಕಣ ಒಟ್ಟು 9,500, ಅದರಲ್ಲಿ ಇಯೊಸಿನೊಫಿಲ್ 11%. ಸಣ್ಣದಿರುವಾಗಿಂದ ದಮ್ಮು ಉಂಟು. "ಇಸ್ನೋಫಿಲಿಯಾ ಹೊಟ್ಟೆಗೆ ಇಳಿದಿದೆ" ಅಂತ ಮನೆಯಲ್ಲಿ ಎಲ್ಲರ ಮಾತು. ನಿಜವಾ?

ಉತ್ತರ: ಮೊದಲು ಲೆಕ್ಕ ನೋಡುವಾ. 9,500ರ 11% ಅಂದರೆ 1,045. ಸಾಮಾನ್ಯವಾಗಿ 500ರ ಒಳಗಿರಬೇಕು. ಜಾಸ್ತಿ ಹೌದು, ಜನ ಇಸ್ನೋಫಿಲಿಯಾ ಅನ್ನುವುದು ಇದಕ್ಕೇ. ಆದರೆ ದಮ್ಮು ಇರುವವರಲ್ಲಿ ಇಷ್ಟು ಏರುವುದು ಹೊಸತೇನಲ್ಲ. ರಕ್ತದಲ್ಲಿ ಜಾಸ್ತಿ ಇದೆ ಅಂದ ಮಾತ್ರಕ್ಕೆ ಪ್ಯಾಂಕ್ರಿಯಾಸ್ ಹಾಳು ಮಾಡಿದ್ದು ಅದೇ ಅಂತ ಹೇಳಲಿಕ್ಕಾಗುವುದಿಲ್ಲ.

ಹಾಗಂತ ಅದು ಪಾಪದ ಕಣವೂ ಅಲ್ಲ. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಕನ್ನಡಕದ ಹಾಗೆ ಎರಡು ಭಾಗದ ನ್ಯೂಕ್ಲಿಯಸ್, ಸುತ್ತ ತುಂಬ ಕೆಂಪು ಕಾಳು. ಆ ಕಾಳುಗಳಲ್ಲಿರುವುದು ಹುಳ ಕೊಲ್ಲುವ ವಿಷ. ಪ್ಯಾಂಕ್ರಿಯಾಸ್‌ಗೆ ಪೆಟ್ಟಾದಾಗ ಅಲ್ಲಿಂದ ಹೊರಡುವ ರಾಸಾಯನಿಕಗಳು ಈ ಕಣಗಳನ್ನು ಕರೆಸಿಕೊಳ್ಳಬಹುದು. ಬಂದವು ಅಲ್ಲೇ ವಿಷ ಸುರಿದರೆ ನಮ್ಮದೇ ಅಂಗಕ್ಕೆ ಏಟು. ಜೊತೆಗೆ ಟಿಜಿಎಫ್-ಬೀಟಾ ಎಂಬ ಪ್ರೋಟೀನನ್ನೂ ಬಿಡುತ್ತವೆ. ಅದು ಗ್ರಂಥಿಯೊಳಗೆ ಸುಮ್ನೆ ಮಲಗಿರುವ ಸ್ಟೆಲೇಟ್ ಕಣಗಳನ್ನು ಎಬ್ಬಿಸುತ್ತದೆ. ಅವು ನಾರು ಕಟ್ಟುತ್ತಾ ಹೋದರೆ ಗ್ರಂಥಿ ಗಟ್ಟಿಯಾಗುತ್ತದೆ. ದೀರ್ಘಕಾಲದ ಪ್ಯಾಂಕ್ರಿಯಾಟೈಟಿಸ್‌ನಲ್ಲಿ ಆಗುವುದು ಇದೇ.

ಇಯೊಸಿನೊಫಿಲಿಕ್ ಪ್ಯಾಂಕ್ರಿಯಾಟೈಟಿಸ್ ಅಂತಲೇ ಒಂದು ಕಾಯಿಲೆ ಉಂಟು, ಬಹಳ ಅಪರೂಪ. ಗಡ್ಡೆಯ ಹಾಗೆ ಊದಿ, ಕಾಮಾಲೆ ಬಂದು, ಕ್ಯಾನ್ಸರ್ ಅಂತ ಆಪರೇಷನ್ ಮಾಡಿದ ಮೇಲೆ ಗೊತ್ತಾದದ್ದೂ ಇದೆ. ಖಚಿತ ಆಗಬೇಕಾದರೆ ಗ್ರಂಥಿಯ ತುಣುಕು ತೆಗೆದು ನೋಡಬೇಕು.

ನಿಮ್ಮ ಭಾವನಿಗೆ ನಾನು ಮೊದಲು ಕೇಳುವುದು ರಕ್ತದಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬು, ಕ್ಯಾಲ್ಸಿಯಂ, ಐಜಿಜಿ4 ಎಂಬ ಪ್ರತಿಕಾಯ ಎಷ್ಟಿದೆ ಅಂತ. ಆಮೇಲೆ ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್, ಅಂದರೆ ಬಾಯಿಯಿಂದ ಕೊಳವೆ ಇಳಿಸಿ ಒಳಗಿಂದ ಮಾಡುವ ಸ್ಕ್ಯಾನಿಂಗ್. ಹೊಟ್ಟೆ ಮೇಲಿಂದ ಮಾಡುವ ಸ್ಕ್ಯಾನಿಂಗ್‌ಗೆ ಸಾಸಿವೆಯಷ್ಟು ಸಣ್ಣ ಕಲ್ಲು ತಪ್ಪಿಹೋಗುತ್ತದೆ.

ಪ್ರಶ್ನೆ: ಸ್ಟಿರಾಯ್ಡ್ ತಗೊಂಡರೆ ಇಯೊಸಿನೊಫಿಲ್ ಇಳಿಯುತ್ತದಂತೆ. ದಮ್ಮಿಗೆ ಕೊಟ್ಟ ಮಾತ್ರೆ ಮನೆಯಲ್ಲಿ ಉಳಿದಿದೆ. ಶುರು ಮಾಡಬಹುದಾ?

ಉತ್ತರ: ಬೇಡ ಮಾರಾಯ್ರೆ! ಇಳಿಯುತ್ತದೆ, ನಿಜ. ಇಯೊಸಿನೊಫಿಲಿಕ್ ಕಾಯಿಲೆಗೆ ಮದ್ದೂ ಅದೇ. ಆದರೆ ಭಾವ ತೋಟದಲ್ಲಿ ಬರಿಗಾಲಲ್ಲಿ ಓಡಾಡುವವರು ಅಲ್ವಾ? ಸ್ಟ್ರಾಂಜಿಲಾಯ್ಡಿಸ್ ಅಂತ ಒಂದು ಹುಳ ಒದ್ದೆ ಮಣ್ಣಿನಿಂದ ಪಾದದ ಚರ್ಮ ತೂರಿ ಒಳಗೆ ಬರುತ್ತದೆ. ಹತ್ತಾರು ವರ್ಷ ಸದ್ದಿಲ್ಲದೆ ಕರುಳಲ್ಲಿ ಇರುತ್ತದೆ. ಇಯೊಸಿನೊಫಿಲ್ ಏರಿದ್ದು ಬಿಟ್ಟರೆ ಬೇರೆ ಗುರುತೇ ಇರಲಿಕ್ಕಿಲ್ಲ. ಅಂಥವರಿಗೆ ಸ್ಟಿರಾಯ್ಡ್ ಕೊಟ್ಟರೆ ಹುಳ ಮೈಯೆಲ್ಲ ಹರಡಿ ಜೀವಕ್ಕೇ ಅಪಾಯ. ಮಲ ಪರೀಕ್ಷೆ ಒಮ್ಮೆ ಮಾಡಿದರೆ ಸಿಗದೆ ಹೋಗಬಹುದು, ರಕ್ತದ ಪರೀಕ್ಷೆಯೂ ಬೇಕು. ಅಂಗಡಿಯ ಒಂದು ಆಲ್ಬೆಂಡಜೋಲ್ ಮಾತ್ರೆಗೆ ಇದು ಬಗ್ಗುವ ಹುಳ ಅಲ್ಲ, ಐವರ್‌ಮೆಕ್ಟಿನ್ ಬೇಕು. ಅದನ್ನೂ ಡಾಕ್ಟರೇ ಬರೆಯಲಿ.

ಇನ್‌ಹೇಲರ್ ನಿಲ್ಲಿಸಬೇಡಿ. ಸ್ಟಿರಾಯ್ಡ್ ಮಾತ್ರೆ ಈಗಾಗಲೇ ದಿನಾ ತಗೊಳ್ಳುತ್ತಿದ್ದರೆ ಅದನ್ನೂ ಒಮ್ಮೆಲೇ ಬಿಡಬಾರದು, ನಾಳೆಯೇ ಡಾಕ್ಟರಿಗೆ ತಿಳಿಸಿ.

ಪ್ರಶ್ನೆ ಕೇಳಿದವರು: ಶುರು ಮಾಡಿರಲಿಲ್ಲ ಡಾಕ್ಟ್ರೇ. ಮಾತ್ರೆ ಡಬ್ಬ ಅಕ್ಕ ತೆಗೆದಿಟ್ಟಿದ್ದಾಳೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಲಿಕ್ಕೆ ಉಡುಪಿಗೆ ಹೋಗುತ್ತೇವೆ.