1970ರ ಶೆವೆಲ್ ಕಾರಿನ ಹಿಂದಿನ ಚಕ್ರಗಳಿಗೆ ಅಗಲವಾದ ಟೈರು: ಅನುಭವಸ್ಥರ ಸಲಹೆ ಬೇಕಾಗಿದೆ

ಪ್ರಶ್ನೆ (ಮಿಷಿಗನ್‌ನಿಂದ): ನನ್ನ ಬಳಿ 1970ರ ಶೆವರ್ಲೆ ಶೆವೆಲ್ ಇದೆ. ಈಗ ನಾಲ್ಕೂ ಚಕ್ರಗಳಿಗೆ 7 ಇಂಚು ಅಗಲದ ರಿಮ್ ಮತ್ತು 235/60ಆರ್15 ಟೈರುಗಳಿವೆ (ಅಗಲ 235 ಮಿಲಿಮೀಟರ್, ಪಕ್ಕದ ಎತ್ತರ ಅಗಲದ ಶೇಕಡಾ 60, ರಿಮ್ಮಿನ ವ್ಯಾಸ 15 ಇಂಚು). ಹಿಂಬದಿಗೆ ಮಾತ್ರ 275/60ಆರ್15 ಹಾಕಿಸಬೇಕೆಂಬ ಆಸೆಯಿದೆ. ಹಳೆಯ ಕಾರಿನ ಮಡ್‌ಗಾರ್ಡನ್ನು ಕತ್ತರಿಸಲು ಮನಸ್ಸು ಒಪ್ಪುವುದಿಲ್ಲ. ಮಾಡಿ ನೋಡಿದವರು ದಯವಿಟ್ಟು ತಿಳಿಸಿ.

ಉತ್ತರ: 1968ರಿಂದ 72ರವರೆಗಿನ ಶೆವೆಲ್‌ಗಳಲ್ಲಿ 275 ಟೈರು ಕೂತಿರುವುದನ್ನು ನಾನು ನೋಡಿದ್ದೇನೆ, ಆದರೆ ನಿಮ್ಮ ಕಾರಿನಲ್ಲೂ ಕೂರುತ್ತದೆ ಎಂದು ಅಳತೆ ಮಾಡದೆ ಯಾರೂ ಹೇಳಲಾರರು. ನನ್ನ ಕಾರು 1969ರದು. ಬೇರೆಯವರ ಮಾತು ನಂಬಿ ಟೈರು ಹಾಕಿಸಿದೆ. ಮನೆಯ ಮುಂದೆ ನಿಲ್ಲಿಸಿದಾಗ ಎಲ್ಲವೂ ಸರಿಯಾಗಿಯೇ ಕಂಡಿತು. ಹಿಂದಿನ ಸೀಟಿನಲ್ಲಿ ಇಬ್ಬರನ್ನು ಕೂರಿಸಿಕೊಂಡು ಹೆದ್ದಾರಿಗೆ ಏರುವ ತಿರುವಿನಲ್ಲಿ ಹೋದಾಗ ಎಡಗಡೆಯಿಂದ ಬಟ್ಟೆ ಹರಿದಂಥ ಸದ್ದು ಬಂತು. ಇಳಿದು ನೋಡಿದರೆ ಟೈರಿನ ಹೊರ ಭುಜದ ಸುತ್ತ ಬೆರಳಗಲದ ಹೊಳೆಯುವ ಗೆರೆ ಮೂಡಿತ್ತು, ಮಡ್‌ಗಾರ್ಡಿನ ಒಳಅಂಚಿಗೆ ರಬ್ಬರಿನ ಪುಡಿ ಅಂಟಿತ್ತು. ಬಲಗಡೆ ಏನೂ ತಗಲಿರಲಿಲ್ಲ. ಆ ಕಾಲದ ಕಾರುಗಳಲ್ಲಿ ಬಾಡಿಯಾಗಲಿ ಆಕ್ಸಲ್ (ಎರಡು ಚಕ್ರಗಳನ್ನು ಜೋಡಿಸುವ ಅಚ್ಚು) ಆಗಲಿ ಸರಿಯಾಗಿ ನಡುವಿಗೇ ಕೂತಿರುತ್ತದೆಂದು ಭಾವಿಸಬೇಡಿ; ಎರಡೂ ಕಡೆ ಬೇರೆಬೇರೆಯಾಗಿ ಅಳೆಯಿರಿ.

ಅಳೆಯುವಾಗ ಕಾರಿನ ಭಾರ ಆಕ್ಸಲ್ ಮೇಲೆಯೇ ಇರಬೇಕು, ಆದ್ದರಿಂದ ಕಾರನ್ನು ಎತ್ತಿ ನಿಲ್ಲಿಸುವ ಸ್ಟ್ಯಾಂಡುಗಳನ್ನು ಫ್ರೇಮಿನ ಕೆಳಗಲ್ಲ, ಆಕ್ಸಲಿನ ಕೆಳಗೆ ಇಡಿ. ಚಕ್ರ ಬಿಚ್ಚಿ, ಬ್ರೇಕ್ ಡ್ರಮ್ಮಿನ ಮುಖಕ್ಕೆ ನೇರವಾದ ಪಟ್ಟಿಯೊಂದನ್ನು ಒತ್ತಿ ಹಿಡಿದು, ಅಲ್ಲಿಂದ ಒಳಗಡೆ ಮೊದಲು ಅಡ್ಡ ಬರುವ ಭಾಗದವರೆಗೆ ಎಷ್ಟು, ಹೊರಗಡೆ ಮಡ್‌ಗಾರ್ಡಿನ ಅಂಚಿನವರೆಗೆ ಎಷ್ಟು ಎಂದು ಬರೆದುಕೊಳ್ಳಿ. ಟೈರು ಹಾಕಿದ ಮೇಲೆ ಒಳಗಡೆಯೂ ಹೊರಗಡೆಯೂ ಕನಿಷ್ಠ 12 ಮಿಲಿಮೀಟರ್ ಸಂದು ಉಳಿಯಬೇಕು.

ಇನ್ನು ಬ್ಯಾಕ್‌ಸ್ಪೇಸಿಂಗ್, ಅಂದರೆ ಚಕ್ರ ಡ್ರಮ್ಮಿಗೆ ಕೂರುವ ಮುಖದಿಂದ ರಿಮ್ಮಿನ ಒಳತುಟಿಯ ಅಂಚಿನವರೆಗಿನ ಅಳತೆ. ಟೈರಿನ ಅಗಲಕ್ಕಿಂತ ಇದರಲ್ಲೇ ಹೆಚ್ಚು ಜನ ಎಡವುತ್ತಾರೆ. 8 ಇಂಚಿನ ರಿಮ್ ಎಂದರೆ ಟೈರು ಕೂರುವ ಜಾಗ 8 ಇಂಚು. ತುಟಿಗಳನ್ನು ಸೇರಿಸಿದರೆ ಒಟ್ಟು ಸುಮಾರು 9 ಇಂಚಾಗುತ್ತದೆ. ಹಾಗಾಗಿ ಬ್ಯಾಕ್‌ಸ್ಪೇಸಿಂಗ್ 4.5 ಇಂಚು ಇದ್ದರೆ ಡ್ರಮ್ಮಿನ ಮುಖದಿಂದ ಟೈರು ಒಳಕ್ಕೂ ಹೊರಕ್ಕೂ ಸಮನಾಗಿ, ಅಂದರೆ 275 ಟೈರಾದರೆ ಸುಮಾರು 137 ಮಿಲಿಮೀಟರ್‌ನಷ್ಟು ಚಾಚುತ್ತದೆ. ಅದೇ ರಿಮ್ಮಿನ ಬ್ಯಾಕ್‌ಸ್ಪೇಸಿಂಗ್ 4 ಇಂಚಾದರೆ ಇಡೀ ಟೈರು 12 ಮಿಲಿಮೀಟರಿಗಿಂತ ಹೆಚ್ಚೇ ಹೊರಕ್ಕೆ ಸರಿದು ಅಂಚಿಗೆ ತಗಲುತ್ತದೆ. ನಿಮ್ಮ 7 ಇಂಚಿನ ರಿಮ್ 275ಕ್ಕೆ ಸಾಲದು.

ಸಾಧ್ಯವಾದರೆ ಫ್ರೇಮನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಹಿಂದಿನ ಕಾಯಿಲ್ ಸ್ಪ್ರಿಂಗುಗಳನ್ನು ತೆಗೆದು, ಬ್ರೇಕ್ ಹೋಸ್ ಎಳೆದುಕೊಳ್ಳದಂತೆ ನೋಡಿಕೊಂಡು, ಚಕ್ರ ಹಾಕಿದ ಆಕ್ಸಲನ್ನು ಜ್ಯಾಕಿನಿಂದ ತಡೆರಬ್ಬರು (ಆಕ್ಸಲ್ ಇನ್ನೂ ಮೇಲೇರದಂತೆ ತಡೆಯುವ ರಬ್ಬರು) ಮುಟ್ಟುವವರೆಗೆ ಎತ್ತಿ ನೋಡಿ. ಮೊದಲು ಎರಡೂ ಕಡೆ ಒಟ್ಟಿಗೆ, ಆಮೇಲೆ ಒಂದೊಂದೇ ಕಡೆ ಎತ್ತಿ. ನಾನು ಈ ಕೆಲಸವನ್ನು ಮೊದಲೇ ಮಾಡಿದ್ದರೆ ಆ ಹೊಸ ಟೈರು ಹಾಳಾಗುತ್ತಿರಲಿಲ್ಲ.

ಮತ್ತೊಬ್ಬರು (ಒಹಾಯೊ): ಮೇಲಿನವರ ಮಾತು ನಿಜ. ನನ್ನದು 1969ರ ಕಮಾರೊ. ಅದಕ್ಕೆ ಹಿಂದೆ ಪಟ್ಟಿ ಸ್ಪ್ರಿಂಗು ಇರುವುದರಿಂದ ತಿರುವಿನಲ್ಲಿ ಆಕ್ಸಲ್ ಅಡ್ಡಕ್ಕೆ ಸ್ವಲ್ಪ ಜರುಗುತ್ತದೆ, ಒಳಗಡೆ ಹೆಚ್ಚು ಸಂದು ಬಿಡಬೇಕಾಗುತ್ತದೆ. ಶೆವೆಲ್‌ನಲ್ಲಿ ಓರೆಯಾಗಿರುವ ಮೇಲಿನ ಎರಡು ತೋಳುಗಳು ಆಕ್ಸಲನ್ನು ಹಿಡಿದಿಡುವುದರಿಂದ ಆ ತೊಂದರೆ ಕಡಿಮೆ. ಏರ್ ಶಾಕ್ (ಗಾಳಿ ತುಂಬುವ ಶಾಕ್ ಅಬ್ಸಾರ್ಬರ್) ಹಾಕಿ ಹಿಂಭಾಗವನ್ನು ಎತ್ತರಿಸಿ ಜಾಗ ಮಾಡಿಕೊಳ್ಳುವ ಹಳೆಯ ಉಪಾಯವನ್ನು ಮಾತ್ರ ದಯವಿಟ್ಟು ಮಾಡಬೇಡಿ. ಶಾಕ್ ಸಿಕ್ಕಿಸುವ ಜಾಗಗಳು ಕಾರಿನ ಭಾರ ಹೊರಲು ಮಾಡಿದವುಗಳಲ್ಲ. ಮಡ್‌ಗಾರ್ಡಿನ ಒಳಅಂಚನ್ನು ಮಡಿಸಲೇಬೇಕಾದರೆ ಬಣ್ಣವನ್ನು ಮೊದಲು ಬಿಸಿಗಾಳಿಯಿಂದ ಕಾಯಿಸಿ ನಿಧಾನವಾಗಿ ಮಡಿಸಬೇಕು. ಬಣ್ಣ ಬಿರುಕು ಬಿಟ್ಟರೆ ನಿಮ್ಮೂರಿನ ಚಳಿಗಾಲದ ರಸ್ತೆ ಉಪ್ಪು ಅಲ್ಲಿಂದಲೇ ತುಕ್ಕು ಹಿಡಿಸುತ್ತದೆ.

ಇನ್ನೊಬ್ಬರು: ಎತ್ತರದ ಲೆಕ್ಕವನ್ನು ಯಾರೂ ಹೇಳಲಿಲ್ಲ. 235/60 ಟೈರಿನ ವ್ಯಾಸ 663 ಮಿಲಿಮೀಟರ್, 275/60ರದ್ದು 711. ಶೇಕಡಾ 7ರಷ್ಟು ಹೆಚ್ಚಾಗುವುದರಿಂದ ಸ್ಪೀಡೋಮೀಟರ್ 60 ಮೈಲಿ ತೋರಿಸುವಾಗ ನೀವು 64ರಲ್ಲಿರುತ್ತೀರಿ. ನಿಮ್ಮ ಆಕ್ಸಲಿನ ಗೇರ್ ಅನುಪಾತ 3.55 ಇದ್ದರೆ ಅದು 3.31ರಂತೆ ವರ್ತಿಸುತ್ತದೆ, ಹೆದ್ದಾರಿಯಲ್ಲಿ ಹಿತ, ಸಿಗ್ನಲಿನಿಂದ ಹೊರಡುವಾಗ ಸ್ವಲ್ಪ ಮಂದ. ಗೇರ್‌ಬಾಕ್ಸಿನಲ್ಲಿರುವ ಸ್ಪೀಡೋಮೀಟರಿನ ಚಿಕ್ಕ ಪ್ಲಾಸ್ಟಿಕ್ ಗೇರನ್ನು ಬದಲಿಸಿದರೆ ವೇಗದ ಅಂಕಿ ಸರಿಹೋಗುತ್ತದೆ.

ಪ್ರಶ್ನೆ ಕೇಳಿದವರು, ಎರಡು ವಾರಗಳ ನಂತರ: ಎಲ್ಲರಿಗೂ ಮನಸಾರೆ ವಂದನೆಗಳು. ನೀವು ಹೇಳಿದಂತೆಯೇ ಅಳೆದೆ. ಹೊರಗಡೆ ಬಲಕ್ಕೆ 156 ಮಿಲಿಮೀಟರ್ ಸಿಕ್ಕಿತು, ಎಡಕ್ಕೆ 147 ಮಾತ್ರ. 275ಕ್ಕೆ ಸಂದಿನ 12 ಸೇರಿ 149 ಬೇಕಿತ್ತು. ಅಂಚನ್ನು ಮಡಿಸಲು ಇಷ್ಟವಿಲ್ಲದ ಕಾರಣ 8 ಇಂಚಿನ ರಿಮ್, 4.5 ಇಂಚಿನ ಬ್ಯಾಕ್‌ಸ್ಪೇಸಿಂಗ್ ಮತ್ತು 255/60 ಟೈರು ತರಿಸಿದೆ. ಸ್ಪ್ರಿಂಗು ತೆಗೆದು ಆಕ್ಸಲನ್ನು ಪೂರ್ತಿ ಎತ್ತಿದಾಗಲೂ ಎಡಗಡೆ ನನ್ನ ಕಿರುಬೆರಳು ಸಲೀಸಾಗಿ ತೂರುವಷ್ಟು ಸಂದು ಉಳಿದಿದೆ.